ಬಾಲ್ ಕೊಡದ ಎಂಟು ತಿಂಗಳು

ನನ್ನ ಬಲಗೈ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ. ಅಂಗಡಿಯಲ್ಲಿ ಅಡಿಕೆಗೆ ಹೊಡೆಯುವ ಮೈಲುತುತ್ತ ತೂಗಿ ಚೀಲದ ಬಾಯಿಗೆ ಹುರಿ ಸುತ್ತುವಾಗ ಅದು ಗೊತ್ತಾಗುತ್ತದೆ. ಮಳೆಗಾಲದಲ್ಲಿ ಸ್ವಲ್ಪ ನೋಯುತ್ತದೆ. ಯಾರಾದರೂ ಕೇಳಿದರೆ ಫುಟ್‌ಬಾಲ್ ಆಡುವಾಗ ಆಗಿದ್ದು ಅಂತ ಹೇಳುತ್ತೇನೆ. ಸುಳ್ಳಲ್ಲ. ಆದರೆ ಬಾಲ್ ತಾಗಿ ಆಗಿದ್ದಲ್ಲ, ಎದುರು ತಂಡದವರ ಕಾಲು ತಾಗಿಯೂ ಅಲ್ಲ. ನಮ್ಮದೇ ತಂಡದಲ್ಲಿ ಎಡ ಅಂಚಿಗೆ, ಲೆಫ್ಟ್ ಔಟ್ ಆಡುತ್ತಿದ್ದವನ ಮುಖಕ್ಕೆ ನಾನು ಗುದ್ದಿದಾಗ ಆಗಿದ್ದು. ಅವನ ಮೂಗಿನ ಮೂಳೆ ಮುರಿಯಿತು, ನನ್ನ ಹೆಬ್ಬೆರಳು ಮುರಿಯಿತು. ಅದು 2004ರ ಆಗಸ್ಟ್.

ಇಷ್ಟು ವರ್ಷ ಇದನ್ನು ಬರೆಯಬೇಕು ಅನ್ನಿಸಿರಲಿಲ್ಲ. ಮೊನ್ನೆ ಸಂಜೆ ನಮ್ಮೂರ ಶಾಲೆಯ ಮೈದಾನದ ಪಕ್ಕ ಹೋಗುತ್ತಿದ್ದೆ. ಹುಡುಗರು ಆಡುತ್ತಿದ್ದರು. ಒಬ್ಬ ಹುಡುಗ ಲೈನಿನ ಹತ್ತಿರ ಕೈ ಎತ್ತಿಕೊಂಡೇ ಓಡುತ್ತಿದ್ದ. ಅವನಿಗೆ ಯಾರೂ ಬಾಲ್ ಕೊಡುತ್ತಿರಲಿಲ್ಲ. ನಾನು ಬೈಕ್ ನಿಲ್ಲಿಸಿ ನೋಡುತ್ತಾ ನಿಂತೆ. ಹತ್ತು ನಿಮಿಷ ಆದ ಮೇಲೆ ಅವನು ಕೈ ಎತ್ತುವುದನ್ನು ಬಿಟ್ಟ. ಓಡುವುದನ್ನು ಮಾತ್ರ ಬಿಡಲಿಲ್ಲ. ಮನೆಗೆ ಬಂದು ಊಟ ಸೇರಲಿಲ್ಲ. ಬರೆಯಲು ಕೂತೆ.

ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಕ್ರಿಕೆಟ್ ಅನ್ನುವ ಮಾತೇ ಇಲ್ಲ. ಹಾಗಾಗಿ ಮಳೆಗಾಲ ಅಂದರೆ ನಮಗೆ ಫುಟ್‌ಬಾಲ್. ಮೈದಾನದ ಎಡಗಡೆ ತಗ್ಗು. ಗುಡ್ಡದ ನೀರೆಲ್ಲ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಆ ಕಡೆ ಬಾಲ್ ಉರುಳಿಸಿದರೆ ನಾಲ್ಕು ಮಾರು ಹೋಗಿ ನೀರಲ್ಲಿ ಕೂತುಬಿಡುತ್ತಿತ್ತು. ಲೆಫ್ಟ್ ಔಟ್ ಆಡುವವನು ಪಾದ ಮುಳುಗುವ ಕೆಸರಲ್ಲೇ ಆಟ ಕಲಿಯಬೇಕು. ಅವನು ಅಲ್ಲೇ ಕಲಿತವನು. ಬಾಲನ್ನು ನೆಲಕ್ಕೆ ಬಿಡದೆ, ಮೊಣಕಾಲ ಎತ್ತರದಲ್ಲೇ ಎರಡು ಸಲ ತಟ್ಟಿ ಒಳಗೆ ಹಾಕುತ್ತಿದ್ದ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮಿಬ್ಬರ ಮನೆಗಳ ನಡುವೆ ಒಂದು ಅಡಿಕೆ ತೋಟ, ಹಳ್ಳ ದಾಟುವ ಒಂದು ಸಂಕ. ಹೈಸ್ಕೂಲಿನಲ್ಲಿ ಇಬ್ಬರಿಗೂ ಸೇರಿ ಒಂದೇ ಜೊತೆ ಸ್ಟಡ್ಸ್, ಅಂದರೆ ಫುಟ್‌ಬಾಲ್ ಬೂಟು, ಇತ್ತು. ಅವನ ಮಾವ ಭದ್ರಾವತಿಯಿಂದ ತಂದುಕೊಟ್ಟಿದ್ದು. ಮೊದಲ ಅರ್ಧ ಅವನು ಹಾಕುತ್ತಿದ್ದ, ಎರಡನೇ ಅರ್ಧ ನಾನು. ಇಂಟರ್ವಲ್‌ನಲ್ಲಿ ಒದ್ದೆ ಲೇಸ್ ಬಿಚ್ಚಿ ನನ್ನ ಕಾಲಿಗೆ ಕಟ್ಟುತ್ತಿದ್ದವನೂ ಅವನೇ. ನನ್ನ ಕೈ ಚಳಿಗೆ ಮರಗಟ್ಟಿರುತ್ತಿತ್ತು. ಅವನ ಪಾದ ನನ್ನದಕ್ಕಿಂತ ಒಂದು ಸೈಜ್ ದೊಡ್ಡದು, ಹಾಗಾಗಿ ಬೆರಳ ಹತ್ತಿರ ನಾನು ಪೇಪರ್ ತುರುಕಿಕೊಳ್ಳುತ್ತಿದ್ದೆ. ನಾನು ಮೈದಾನದ ನಡುವೆ ಆಡುವ ಸೆಂಟರ್ ಹಾಫ್. ಬಾಲ್ ನನ್ನ ಕಾಲಿಗೆ ಬಂತು ಅಂದರೆ ತಲೆ ಎತ್ತುವ ಮೊದಲೇ ಅವನೆಲ್ಲಿದ್ದಾನೆ ಅಂತ ಗೊತ್ತಿರುತ್ತಿತ್ತು.

ಇಷ್ಟು ಯಾಕೆ ಹೇಳಿದೆ ಅಂದರೆ, ಮುಂದೆ ಆದದ್ದು ಒಂದು ನಿಮಿಷದ ಸಿಟ್ಟು ಅಂತ ಊರಿನವರು ಅಂದುಕೊಂಡಿದ್ದಾರೆ. ಹಾಗಲ್ಲ.

2003ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಂದು ತಂಡದ ಆಯ್ಕೆಗೆ ಅವನು ಹೋಗಿಬಂದ. ಆಯ್ಕೆ ಆಗಲಿಲ್ಲ. ಹೋಗಿದ್ದನ್ನು ನನಗೆ ಹೇಳಿರಲಿಲ್ಲ. ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕರೆ ಇಬ್ಬರೂ ಒಟ್ಟಿಗೆ ಹೋಗೋಣ ಅಂತ ನಾವು ಹತ್ತನೇ ಕ್ಲಾಸಿನಿಂದ ಮಾತಾಡಿಕೊಂಡಿದ್ದೆವು. ಕ್ಷೌರದಂಗಡಿಯಲ್ಲಿ ಮೂರನೆಯವರ ಬಾಯಿಂದ ನನಗೆ ಗೊತ್ತಾಯಿತು. ಅರ್ಧ ಗಡ್ಡಕ್ಕೆ ಸೋಪು ಹಚ್ಚಿತ್ತು. ಕನ್ನಡಿಯಲ್ಲಿ ನನ್ನ ಮುಖ ನಾನೇ ನೋಡಿದೆ. "ಹೌದೌದು, ಹೇಳಿದ್ದ" ಅಂದೆ.

ಅವನನ್ನು ಕೇಳಬೇಕಿತ್ತು. ಸಂಕ ದಾಟಿದರೆ ಅವನ ಮನೆ. ಕೇಳಲಿಲ್ಲ. ಬದಲಿಗೆ ಬಾಲ್ ಕೊಡುವುದನ್ನು ನಿಲ್ಲಿಸಿದೆ.

ಇದು ಎಷ್ಟು ಸುಲಭ ಅಂತ ಆಡಿದವರಿಗೆ ಗೊತ್ತು. ಬಾಲ್ ಬರುತ್ತದೆ. ಎಡಗಡೆ ನೋಡುತ್ತೇನೆ. ಅವನು ಕೈ ಎತ್ತಿ ನಿಂತಿದ್ದಾನೆ, ಅವನ ಸುತ್ತ ಹತ್ತು ಮಾರು ಯಾರೂ ಇಲ್ಲ. ಬಲಕ್ಕೆ ತಿರುಗುತ್ತೇನೆ. ಅಷ್ಟೇ. ಒಂದು ಪಂದ್ಯದಲ್ಲಿ ಐದು ಸಲ, ಆರು ಸಲ. ಯಾರಾದರೂ ಕೇಳಿದರೆ ಪ್ರತಿ ಸಲಕ್ಕೂ ಒಂದು ಕಾರಣ ಇದೆ. ಆ ಕಡೆ ನೀರು ನಿಂತಿತ್ತು. ಅವನು ಆಫ್‌ಸೈಡ್ ಇದ್ದ. ಬಲಗಡೆ ಹತ್ತಿರ ಇತ್ತು. ಒಂದೊಂದಾಗಿ ನೋಡಿದರೆ ಎಲ್ಲವೂ ಸರಿ. ಎಂಟು ತಿಂಗಳದ್ದನ್ನು ಒಟ್ಟಿಗೆ ಇಟ್ಟು ನೋಡುವುದು ಇಬ್ಬರಿಗೆ ಮಾತ್ರ ಸಾಧ್ಯ. ಕೊಡದವನಿಗೆ, ಸಿಗದವನಿಗೆ. ನನ್ನ ಪ್ರಕಾರ ಆಮೇಲೆ ಹೊಡೆದದ್ದಕ್ಕಿಂತ ಇದೇ ದೊಡ್ಡ ತಪ್ಪು. ಆದರೆ ಇದಕ್ಕೆ ಯಾವ ರೆಫರಿಯೂ ಕಾರ್ಡ್ ತೋರಿಸುವುದಿಲ್ಲ.

ಭದ್ರಾವತಿಯಲ್ಲಿ ಸೆಮಿಫೈನಲ್. ಜಿಲ್ಲೆಯಲ್ಲಿ ನಮ್ಮಂಥ ಹಳ್ಳಿ ತಂಡದವರಿಗೆ ಭದ್ರಾವತಿಗೆ ಆಡಲು ಹೋಗುವುದೇ ಒಂದು ಹಬ್ಬ. ಸರ್ ಎಂ. ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆಯ ಊರು. 1923ರಿಂದ ಕುಲುಮೆ ಉರಿದ ಜಾಗ. ಆ ಊರಿನಲ್ಲಿ ಆಟ ನೋಡಲು ಬರುವವರಿಗೆ ಆಟ ಗೊತ್ತಿರುತ್ತಿತ್ತು. ಒಳ್ಳೆ ಪಾಸ್ ಕೊಟ್ಟರೆ ಎದುರು ತಂಡದವನಿಗೂ ಚಪ್ಪಾಳೆ ಬೀಳುತ್ತಿತ್ತು.

ಎರಡನೇ ಅರ್ಧ. ಒಂದು ಗೋಲ್ ಹಿಂದಿದ್ದೆವು. ಜಿಟಿಜಿಟಿ ಮಳೆ. ನನಗೆ ಬಾಲ್ ಬಂತು, ಎಡಗಡೆ ನೋಡಿದೆ, ಬಲಕ್ಕೆ ತಿರುಗಿದೆ, ಬಾಲ್ ಕಳಕೊಂಡೆ. "ಬಾಲ್ ಕೊಡೋ!" ಅಂತ ಅವನು ಕಿರುಚಿದ. ನೋಡುವವರಿಗೆಲ್ಲ ಕೇಳಿಸಿತು. ನಾನು ಅಂದೆ, "ಬೆಂಗ್ಳೂರಿಗೆ ಹೋಗಿ ಕೇಳು, ಕೊಡ್ತಾರೆ."

ಅವನು ನಿಂತ. ಅವನಿಗೆ ಆ ಕ್ಷಣಕ್ಕೆ ಎಂಟು ತಿಂಗಳೂ ಅರ್ಥವಾಯಿತು ಅಂತ ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನೇರ ನನ್ನ ಕಡೆ ನಡೆದುಬಂದ. ಓಡಲಿಲ್ಲ, ನಡೆದ. ಎದೆಗೆ ಕೈ ಹಾಕಿ ತಳ್ಳಿದ. ನಾನು ಗುದ್ದಿದೆ. ಜೀವನದಲ್ಲಿ ಅದಕ್ಕೂ ಮೊದಲು ಯಾರಿಗೂ ಹೊಡೆದವನಲ್ಲ, ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿದ್ದೆ. ಹಸಿ ಕಡ್ಡಿ ಮುರಿದಂಥ ಸದ್ದು. ಅದು ನನ್ನ ಬೆರಳಿನದೋ ಅವನ ಮೂಗಿನದೋ ಈಗಲೂ ಗೊತ್ತಿಲ್ಲ. ಅವನ ಬಿಳಿ ಜೆರ್ಸಿಯ ಮೇಲೆ ರಕ್ತ, ಮಳೆ ನೀರಿಗೆ ಕೂಡಲೇ ಹರಡಿ ತಿಳಿಗೆಂಪು ಆಯಿತು. ಎರಡನೇ ಸಲ ಕೈ ಎತ್ತಿದ್ದೆ. ಹಿಂದಿನಿಂದ ಎದುರು ತಂಡದ ಸ್ಟಾಪರ್ ನನ್ನನ್ನು ಅಪ್ಪಿ ಹಿಡಿದ. ನಮ್ಮವರು ಒಬ್ಬರೂ ಅಲ್ಲಾಡಲಿಲ್ಲ. ಯಾರ ಕಡೆ ಹೋಗಬೇಕು ಅಂತ ಅವರಿಗೆ ಗೊತ್ತಾಗಲಿಲ್ಲ.

ಇಬ್ಬರಿಗೂ ಕೆಂಪು ಕಾರ್ಡ್. ಒಂಬತ್ತು ಜನ ಆಡಿದರು. 4-0.

ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಇಬ್ಬರಿಗೂ ಒಂದೇ ಬೆಂಚು. ಅವನ ಮೂಗಿಗೆ ಹತ್ತಿ ತುರುಕಿದರು, ನನ್ನ ಕೈಗೆ ಪ್ಲಾಸ್ಟರ್ ಹಾಕಿದರು. ಊರಿಗೆ ಹೋಗಲು ಇದ್ದದ್ದು ಒಂದೇ ಟೆಂಪೋ. ಅವನು ಡ್ರೈವರ್ ಪಕ್ಕ ಕೂತ, ನಾನು ಕೊನೆ ಸೀಟಿನಲ್ಲಿ. ನಡುವೆ ಒಂಬತ್ತು ಜನ, ಒದ್ದೆ ಬಟ್ಟೆ, ಸ್ಟಡ್ಸಿನ ಕೆಸರಿನ ವಾಸನೆ. ಹೋಗುವಾಗ ಹಾಡು ಹೇಳಿಕೊಂಡು ಹೋದವರು ಬರುವಾಗ ಕೆಮ್ಮುವುದಕ್ಕೂ ಯೋಚಿಸುತ್ತಿದ್ದರು. ಗಾಜನೂರು ದಾಟಿತು. ಸಕ್ಕರೆಬೈಲು ದಾಟಿತು. ನಾನು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡೆ. ನಿದ್ದೆ ಬಂದಿರಲಿಲ್ಲ. ಕಣ್ಣು ಬಿಟ್ಟರೆ ಮುಂದಿನ ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು.

ಮಂಡಗದ್ದೆಯಲ್ಲಿ ಟೀಗೆ ಅಂತ ನಿಲ್ಲಿಸಿದರು. ಮಳೆಗಾಲದಲ್ಲಿ ಅಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಸಾವಿರಾರು ಹಕ್ಕಿ ಗೂಡು ಕಟ್ಟುತ್ತವೆ. ಬೆಳ್ಳಕ್ಕಿ, ನೀರುಕಾಗೆ. ಮರಗಳು ಅರ್ಧ ನೀರಲ್ಲಿ ಮುಳುಗಿರುತ್ತವೆ. ಎಲ್ಲರೂ ಇಳಿದರು. ಅವನು ಇಳಿಯಲಿಲ್ಲ, ನಾನೂ ಇಳಿಯಲಿಲ್ಲ. ಖಾಲಿ ಟೆಂಪೋದಲ್ಲಿ ನಾವಿಬ್ಬರೇ, ಕಾಲು ಗಂಟೆ. ಮಳೆ ನಿಂತಿತ್ತು. ಹಕ್ಕಿಗಳ ಗಲಾಟೆ ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಸಲ ಅವನು ಹಿಂದೆ ತಿರುಗಿದ್ದು ನನಗೆ ಗೊತ್ತಾಯಿತು. ಕಣ್ಣು ಬಿಡಲಿಲ್ಲ.

ಇದಾಗಿ ಎಂಟು ತಿಂಗಳಿಗೆ, 2005ರ ಏಪ್ರಿಲ್ 2ರಂದು, ಇಂಗ್ಲೆಂಡಿನಲ್ಲಿ ಒಂದು ಪಂದ್ಯ. ನ್ಯೂಕ್ಯಾಸಲ್ ಯುನೈಟೆಡ್ ತನ್ನದೇ ಸೇಂಟ್ ಜೇಮ್ಸ್ ಪಾರ್ಕ್ ಮೈದಾನದಲ್ಲಿ ಆಸ್ಟನ್ ವಿಲ್ಲಾ ಎದುರು ಆಡುತ್ತಿತ್ತು. 3-0 ಹಿಂದಿತ್ತು. ಸ್ಟೀವನ್ ಟೇಲರ್ ಕೆಂಪು ಕಾರ್ಡ್ ತಗೊಂಡು ಆಗಲೇ ಹೊರಗೆ ಹೋಗಿದ್ದ. ಪಂದ್ಯ ಮುಗಿಯಲು ಹತ್ತು ನಿಮಿಷವೂ ಇರಲಿಲ್ಲ. ನ್ಯೂಕ್ಯಾಸಲ್‌ನ ಲೀ ಬೌಯರ್ ಮತ್ತು ಕೀರನ್ ಡೈಯರ್ ಮುಖಾಮುಖಿ ನಿಂತು ಹೊಡೆದಾಡಿದರು. ಒಂದೇ ಜೆರ್ಸಿ, ಕಪ್ಪು ಬಿಳಿ ಪಟ್ಟೆ. ಬೌಯರ್‌ನನ್ನು ಹಿಡಿದು ಎಳೆದವನು ಎದುರು ತಂಡದ ಗ್ಯಾರೆತ್ ಬ್ಯಾರಿ. ಅವತ್ತು ನ್ಯೂಕ್ಯಾಸಲ್‌ಗೆ ಎರಡು ಪೆನಾಲ್ಟಿ ಗೋಲ್ ಹೊಡೆದವನೂ ಅವನೇ. ಬೌಯರ್ ಹರಿದ ಜೆರ್ಸಿಯಲ್ಲಿ ಹೊರಗೆ ನಡೆದ. ನ್ಯೂಕ್ಯಾಸಲ್ ಎಂಟು ಜನಕ್ಕೆ ಇಳಿಯಿತು.

ಕೇಬಲ್ ಟಿವಿಯಲ್ಲಿ ಅದನ್ನು ಮತ್ತೆ ಮತ್ತೆ ತೋರಿಸಿದರು. ಹೋಟೆಲಿನಲ್ಲಿ ಕೂತವರೆಲ್ಲ ನಕ್ಕರು. ಆಮೇಲೆ ನನ್ನ ನೆನಪಾಗಿ ನಗು ನಿಲ್ಲಿಸಿದರು. ನಾನು ಚಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ನನ್ನನ್ನು ಅಲುಗಿಸಿದ್ದು ಹೊಡೆದಾಟ ಅಲ್ಲ, ಬ್ಯಾರಿ ಬಂದು ಹಿಡಿದದ್ದು. ಆ ಸ್ಟಾಪರ್ ಹುಡುಗನ ಕೈ ನನ್ನ ಪಕ್ಕೆಗೆ ಮತ್ತೆ ಬಿಗಿದ ಹಾಗಾಯಿತು.

ಜಗಳಕ್ಕೆ ಕಾರಣ ಏನು ಅಂತ ಗೊತ್ತಾಗಿದ್ದು ತುಂಬಾ ವರ್ಷದ ನಂತರ. ಡೈಯರ್ ಹೇಳಿಕೊಂಡ ಪ್ರಕಾರ ಬೌಯರ್‌ನ ದೂರು ಒಂದೇ. ನೀನು ನನಗೆ ಪಾಸ್ ಕೊಡಲ್ಲ. ಡೈಯರ್ ಅದಕ್ಕೆ, ನೀನು ಚೆನ್ನಾಗಿ ಆಡಲ್ಲ, ಅದಕ್ಕೇ ಕೊಡಲ್ಲ ಅನ್ನುವ ಅರ್ಥದ ಕೆಟ್ಟ ಮಾತು ಆಡಿದನಂತೆ. ಕೋಟಿಗಟ್ಟಲೆ ಸಂಬಳದ ಆಟಗಾರರು, ಐವತ್ತು ಸಾವಿರ ಜನರ ಎದುರು. ಮಾತು ಮಾತ್ರ ನಮ್ಮೂರ ಕೆಸರಿನದೇ.

ಪಂದ್ಯ ಮುಗಿದ ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಗ್ರೇಮ್ ಸೌನೆಸ್ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ತಾನು ನಡುವೆ ಕೂತು ಪತ್ರಕರ್ತರ ಎದುರು ಕ್ಷಮೆ ಕೇಳಿಸಿದರು. ಆ ದೃಶ್ಯವನ್ನೂ ನೋಡಿದ್ದೇನೆ. ಇಬ್ಬರೂ ನೆಲ ನೋಡುತ್ತಿದ್ದರು. ನನಗೆ ಅದರ ರುಚಿ ಗೊತ್ತು. ನಮಗೂ ಹಾಗೇ ಮಾಡಿಸಿದ್ದರು.

ಭದ್ರಾವತಿಯಿಂದ ಬಂದ ಮೂರನೇ ದಿನ. ಪಿಟಿ ಮೇಷ್ಟ್ರು ಶಾಲೆಯ ಜಗಲಿಗೆ ಎಲ್ಲರನ್ನೂ ಕರೆಸಿದರು. ಊರಿನ ನಾಲ್ಕು ಹಿರಿಯರೂ ಇದ್ದರು. "ಊರಿನ ಮರ್ಯಾದೆ ಪ್ರಶ್ನೆ. ಕೈ ಕೊಡ್ರೋ" ಅಂದರು. ನನ್ನ ಬಲಗೈ ಪ್ಲಾಸ್ಟರಿನಲ್ಲಿ. ಎಡಗೈ ಕೊಟ್ಟೆ.

ನಮ್ಮಲ್ಲಿ ಎಡಗೈಯಲ್ಲಿ ಏನನ್ನೂ ಕೊಡುವುದಿಲ್ಲ. ಒಂದು ಲೋಟ ನೀರು ಕೊಟ್ಟರೂ ದೊಡ್ಡವರು ಬೈಯುತ್ತಾರೆ. ಅವನು ನನ್ನ ಎಡಗೈ ನೋಡಿದ. ಒಂದೆರಡು ಕ್ಷಣ. ಆಮೇಲೆ ತನ್ನ ಬಲಗೈಯನ್ನು ಕೆಳಗಿಳಿಸಿ, ತಾನೂ ಎಡಗೈಯನ್ನೇ ಚಾಚಿ ಹಿಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಿರ್ಚಿ, ಟೀ ಬಂತು. ಅವನಿಗೆ ಮೂಗು ಕಟ್ಟಿದ್ದರಿಂದ ಮಿರ್ಚಿ ತಿನ್ನಲು ಆಗಲಿಲ್ಲ. ನಾವು ಒಂದು ಮಾತೂ ಆಡಲಿಲ್ಲ. ಯಾರೂ ಕಾರಣ ಕೇಳಲಿಲ್ಲ. ಮೇಷ್ಟ್ರು ಒಳ್ಳೆಯವರು, ನಮ್ಮ ಮೇಲೆ ಪ್ರೀತಿ ಇದ್ದವರು. ಆದರೆ ಅವತ್ತು ಸರಿ ಮಾಡಬೇಕಿದ್ದದ್ದು ತಂಡದ ಹೆಸರು. ಅದು ಸರಿಯಾಯಿತು. ನಾವಿಬ್ಬರೂ ಹಾಗೇ ಉಳಿದೆವು. ಆ ಜಗಲಿಯಲ್ಲಿ ಒಬ್ಬರಾದರೂ "ಯಾಕ್ರೋ ಹೊಡೆದಾಡಿದ್ರಿ?" ಅಂತ ಕೇಳಿದ್ದರೆ, ನಾನು ಕ್ಷೌರದಂಗಡಿಯ ವಿಷಯ ಹೇಳಿಬಿಡುತ್ತಿದ್ದೆ ಅಂತ ಈಗಲೂ ನಂಬಿದ್ದೇನೆ.

ಅವನ ಮಾವ ಪೊಲೀಸ್ ಕಂಪ್ಲೇಂಟ್ ಕೊಡಬೇಕು ಅಂತ ಹಟ ಹಿಡಿದಿದ್ದರು. ಅವನ ಅಪ್ಪಯ್ಯ ಬೇಡ ಅಂದರು. ಆಗ ನನಗೆ ಇದರ ಗಂಭೀರತೆ ಗೊತ್ತಿರಲಿಲ್ಲ. ಹುಡುಗರ ಜಗಳ ಅಂದುಕೊಂಡಿದ್ದೆ. ಮೂಳೆ ಮುರಿಯುವಂತೆ ಹೊಡೆದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯ. ಆಗಿನ ಭಾರತೀಯ ದಂಡ ಸಂಹಿತೆಯ 325ನೇ ಕಲಮಿನಲ್ಲಿ ಏಳು ವರ್ಷದ ತನಕ ಶಿಕ್ಷೆ ಇತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 117ನೇ ಕಲಂ. ಮೈದಾನದ ಬಿಳಿ ಗೆರೆಯ ಒಳಗೆ ಕಾನೂನು ಬರುವುದಿಲ್ಲ ಅಂತ ಎಲ್ಲೂ ಬರೆದಿಲ್ಲ. ನ್ಯೂಕ್ಯಾಸಲ್‌ನಲ್ಲಿ ಪೊಲೀಸರು ಸುಮ್ಮನಿರಲಿಲ್ಲ. ಬೌಯರ್‌ಗೆ ಕ್ಲಬ್ ಆರು ವಾರದ ಸಂಬಳ ಕತ್ತರಿಸಿತು, ಫುಟ್‌ಬಾಲ್ ಅಸೋಸಿಯೇಷನ್ 30,000 ಪೌಂಡ್ ದಂಡ ಹಾಕಿ ನಿಷೇಧವನ್ನು ಏಳು ಪಂದ್ಯಕ್ಕೆ ಏರಿಸಿತು. ಆಮೇಲೆ 2006ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಡೈಯರ್‌ಗೆ ಮೂರು ಪಂದ್ಯ ನಿಷೇಧ. ಜಗಳವಾದ ಎರಡು ವಾರಕ್ಕೆ ತಂಡ ಎರಡು ಕಪ್‌ಗಳಿಂದ ಹೊರಬಿತ್ತು. 14ನೇ ತಾರೀಖು ಲಿಸ್ಬನ್‌ನಲ್ಲಿ ಸ್ಪೋರ್ಟಿಂಗ್ ಎದುರು, 17ಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ಎದುರು. ಎರಡರಲ್ಲೂ 4-1.

ಈಗಿನ ಆಟದ ನಿಯಮವೂ ಸ್ಪಷ್ಟ. ಸ್ವಂತ ತಂಡದವನಿಗೆ ಹೊಡೆದರೂ ಅದು ಹಿಂಸೆಯೇ, ಕೆಂಪು ಕಾರ್ಡೇ. ಬಾಲ್ ಆಟದಲ್ಲಿರುವಾಗ ನಿಮ್ಮ ಪೆನಾಲ್ಟಿ ಬಾಕ್ಸಿನೊಳಗೆ ನಿಮ್ಮವನಿಗೇ ಹೊಡೆದರೆ ಎದುರಿನವರಿಗೆ ಪೆನಾಲ್ಟಿ ಸಿಗುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗೆ ತುಂಬಾ ಸರಿ ಅನ್ನಿಸಿತು. ಯಾಕೆಂದರೆ ಲಾಭ ನಿಜವಾಗಿಯೂ ಅವರಿಗೇ.

ಆಮೇಲೆ ಇಂಥದ್ದನ್ನೆಲ್ಲ ಹುಡುಕಿ ಓದುವ ಅಭ್ಯಾಸ ಆಯಿತು. ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡ 1995ರಲ್ಲಿ ಇಂಗ್ಲೆಂಡಿನ ಚಾಂಪಿಯನ್. ಅದೇ ವರ್ಷ ನವೆಂಬರ್‌ನಲ್ಲಿ ಮಾಸ್ಕೋದ ಚಳಿಯಲ್ಲಿ ಅವರ ಗ್ರೇಮ್ ಲೆ ಸೋ ಮತ್ತು ಡೇವಿಡ್ ಬ್ಯಾಟಿ ಒಂದೇ ಬಾಲಿಗೆ ಓಡಿ ಡಿಕ್ಕಿ ಹೊಡೆದುಕೊಂಡರು. ಲೆ ಸೋ ಬ್ಯಾಟಿಗೆ ಗುದ್ದಿದ. ಮೂಳೆ ಮುರಿದದ್ದು ಗುದ್ದಿದವನ ಕೈಯದ್ದೇ. ಓದುವಾಗ ನನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದೆ.

ಲಿವರ್‌ಪೂಲ್‌ನ ಕ್ರೇಗ್ ಬೆಲ್ಲಮಿ 2007ರ ಫೆಬ್ರವರಿಯಲ್ಲಿ ಪೋರ್ಚುಗಲ್‌ನ ಹೋಟೆಲಿನಲ್ಲಿ ರಾತ್ರಿ ಜಗಳವಾಗಿ ತನ್ನದೇ ತಂಡದ ಯೋನ್ ಆರ್ನೆ ರೀಸೆಗೆ ಗಾಲ್ಫ್ ಕೋಲಿನಿಂದ ಹೊಡೆದಿದ್ದ. ಕೆಲವೇ ದಿನದಲ್ಲಿ ಬಾರ್ಸಿಲೋನಾದ ಮೈದಾನದಲ್ಲಿ ಅವರದೇ ಎದುರು ಪಂದ್ಯ. ಬೆಲ್ಲಮಿ ಒಂದು ಗೋಲ್ ಹೊಡೆದು, ಗಾಲ್ಫ್ ಆಡುವ ಹಾಗೆ ಕೈ ಬೀಸಿ ತೋರಿಸಿದ. ಜನರು ನೆನಪಿಟ್ಟುಕೊಂಡಿರುವುದು ಅದನ್ನು. ನಾನು ನೆನಪಿಟ್ಟುಕೊಂಡಿರುವುದು ಎರಡನೇ ಗೋಲನ್ನು. ಬಾಲ್ ಬೆಲ್ಲಮಿಯ ಕಾಲಿಗೆ ಬಂತು. ಅವನು ಅದನ್ನು ರೀಸೆಗೆ ಕೊಟ್ಟ. ರೀಸೆ ಹೊಡೆದ. ಲಿವರ್‌ಪೂಲ್ 2-1ರಿಂದ ಗೆದ್ದಿತು. ಆ ಪಾಸನ್ನು ಎಷ್ಟು ಸಲ ನೋಡಿದ್ದೇನೋ. ಕೊಡುವಾಗ ಬೆಲ್ಲಮಿ ಯೋಚನೆ ಮಾಡುವುದೇ ಇಲ್ಲ. ಅಷ್ಟು ಹೊತ್ತು ಅಲ್ಲಿ ಇರುವುದಿಲ್ಲ. ನನಗೆ ಎಂಟು ತಿಂಗಳು ಆಗದ್ದು ಅವನಿಗೆ ಒಂದು ವಾರದೊಳಗೆ ಆಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ, ನಿಜ ಹೇಳುತ್ತೇನೆ.

ಎಲ್ಲವೂ ಹಾಗೆ ಮುಗಿಯುವುದಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಿಟಿಯ ಜೋಯಿ ಬಾರ್ಟನ್ ಪ್ರಾಕ್ಟೀಸ್ ಮೈದಾನದಲ್ಲಿ ತನ್ನದೇ ತಂಡದ ಉಸ್ಮಾನ್ ಡಾಬೊಗೆ ಹೊಡೆದ. ಮುಂದಿನ ವರ್ಷ ಕೋರ್ಟು ಬಾರ್ಟನ್‌ಗೆ ನಾಲ್ಕು ತಿಂಗಳ ಜೈಲು ಶಿಕ್ಷೆ ಕೊಟ್ಟು ಅದನ್ನು ಅಮಾನತಿನಲ್ಲಿ ಇಟ್ಟಿತು. ಹೊಡೆಸಿಕೊಂಡವನು ಕೈ ಕುಲುಕಲೇಬೇಕು ಅನ್ನುವ ಕಡ್ಡಾಯ ಏನೂ ಇಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಹೊಡೆದವನು ನಾನು.

ನಮ್ಮ ತಂಡ ಮರುವರ್ಷ ಇರಲಿಲ್ಲ. ಯಾರೂ ಮುಚ್ಚಿದ್ದಲ್ಲ. ಜೂನ್ ಬಂತು, ಮಳೆ ಬಂತು, ಯಾರೂ ಯಾರನ್ನೂ ಕರೆಯಲಿಲ್ಲ. ಕರೆಯಲು ಹೋದರೆ ಮೊದಲು ಯಾರ ಮನೆಗೆ ಹೋಗಬೇಕು ಅನ್ನುವ ಸಂಕಟ. ಚಿಕ್ಕ ಹುಡುಗರಲ್ಲಿ ಅವನ ಕಡೆ ನಾಲ್ಕು ಜನ, ನನ್ನ ಕಡೆ ಮೂರು ಜನ ಅಂತ ಆಗಿತ್ತು. ಗೋಲ್‌ಕೀಪರ್ ಬೆಂಗಳೂರಿಗೆ ಹೋದ. ಗೋಲ್ ಕಂಬಗಳು ಬಿದಿರಿನವು, ಎರಡು ಮಳೆಗಾಲಕ್ಕೆ ಕುಂಬಾದವು. ಜಗಳದಲ್ಲಿ ಇಲ್ಲದ ಒಂಬತ್ತು ಜನರ ಆಟವನ್ನೂ ನಾವು ಕಿತ್ತುಕೊಂಡೆವು. ಇದರ ಬಗ್ಗೆ ಯಾರೂ ನಮ್ಮನ್ನು ದೂರಲಿಲ್ಲ. ದೂರಿದ್ದರೆ ಒಳ್ಳೆಯದಿತ್ತು.

ಅಮ್ಮಂದಿರು ಮಾತ್ರ ಏನನ್ನೂ ನಿಲ್ಲಿಸಲಿಲ್ಲ. ಆಷಾಢದಲ್ಲಿ ಕಳಲೆ, ಶ್ರಾವಣದಲ್ಲಿ ಪತ್ರೊಡೆ, ಸಂಕ ದಾಟಿ ಹೋಗುತ್ತಿತ್ತು, ಬರುತ್ತಿತ್ತು. ಅವರ ಮನೆಯ ಪತ್ರೊಡೆಗೆ ಹುಳಿ ಸ್ವಲ್ಪ ಜಾಸ್ತಿ. ಒಂದು ತುಂಡು ಬಾಯಿಗಿಟ್ಟರೆ ಎಲ್ಲಿಂದ ಬಂದಿದ್ದು ಅಂತ ನನಗೆ ಗೊತ್ತಾಗುತ್ತಿತ್ತು. ಅಮ್ಮ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ತಿನ್ನುತ್ತಿದ್ದೆ.

ಒಂಬತ್ತು ವರ್ಷ ಮಾತಿಲ್ಲ. ಒಂದೇ ಊರು, ಒಂದೇ ಬಸ್ಸು, ಒಂದೇ ಪಡಿತರದ ಸಾಲು. ಮದುವೆ ಮನೆಗಳಲ್ಲಿ ಒಂದೇ ಪಂಕ್ತಿಗೆ ಕೂರದ ಹಾಗೆ ಇಬ್ಬರೂ ನೋಡಿಕೊಳ್ಳುತ್ತಿದ್ದೆವು. ನಾನು ಗೊಬ್ಬರದ ಅಂಗಡಿ ಇಟ್ಟೆ. ಅವನು ತೋಟಕ್ಕೆ ಬೇಕಾದ್ದನ್ನೆಲ್ಲ ತೀರ್ಥಹಳ್ಳಿಯಿಂದಲೇ ತರುತ್ತಿದ್ದ.

2013ರ ಜುಲೈಯಲ್ಲಿ ನಮ್ಮಲ್ಲಿ ಮಳೆ ಬಿಡಲೇ ಇಲ್ಲ. ಕೊಳೆರೋಗ ಶುರುವಾಯಿತು. ಅಡಿಕೆ ತೋಟ ಇರುವವರಿಗೆ ಹೇಳಬೇಕಾಗಿಲ್ಲ. ಎಳೆಯ ಕಾಯಿಯ ಮೇಲೆ ನೀರು ಹೀರಿದ ಹಾಗೆ ಮಚ್ಚೆ, ನಾಲ್ಕು ದಿನಕ್ಕೆ ಗೊನೆಯ ಬುಡವೆಲ್ಲ ಉದುರಿದ ಕಾಯಿ. ಮಳೆ ಅರ್ಧ ದಿನ ಬಿಟ್ಟರೂ ಸಾಕು, ಬೋರ್ಡೋ ದ್ರಾವಣ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ವಾರ ಎಲ್ಲರೂ ಒಟ್ಟಿಗೆ ಕೇಳಿದ್ದರಿಂದ ಹತ್ತಿರದ ಅಂಗಡಿಗಳಲ್ಲಿ ಮೈಲುತುತ್ತ ಖಾಲಿ. ನನ್ನಲ್ಲಿ ನಾಲ್ಕು ಚೀಲ ಉಳಿದಿತ್ತು.

ಮಧ್ಯಾಹ್ನ ಎರಡು ಗಂಟೆ. ಕೊಡೆ ಮಡಚುವ ಸದ್ದು ಕೇಳಿ ತಲೆ ಎತ್ತಿದೆ. ಬಾಗಿಲಲ್ಲಿ ಅವನು.

"ಮೈಲುತುತ್ತ ಉಂಟಾ?"

"ಉಂಟು. ಎಷ್ಟು?"

"ಹತ್ತು ಕೆಜಿ."

ತೂಗಿದೆ. ನೀಲಿ ಹರಳುಗಳು ತಕ್ಕಡಿಗೆ ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲ. ಮುಳ್ಳು ಹತ್ತಕ್ಕೆ ಬಂದ ಮೇಲೂ ಒಂದು ಹಿಡಿ ಹಾಕಿದೆ. ಹುರಿ ಕಟ್ಟುವಾಗ ಹೆಬ್ಬೆರಳು ಮಡಚದೆ ಗಂಟು ಜಾರಿತು. ಅವನು ಮುಂದೆ ಬಂದು, ಹುರಿಯ ತುದಿ ನನ್ನ ಕೈಯಿಂದ ತಗೊಂಡು ಗಂಟು ಹಾಕಿದ. ಹೈಸ್ಕೂಲಿನಲ್ಲಿ ಲೇಸ್ ಕಟ್ಟುತ್ತಿದ್ದದ್ದು ಇದೇ ಗಂಟು.

"ನೋಯ್ತದಾ?" ಅಂದ.

"ಮಳೆಗಾಲದಲ್ಲಿ. ಮೂಗು?"

"ಚಳಿಗಾಲದಲ್ಲಿ."

ದುಡ್ಡು ಎಣಿಸಿ ಇಟ್ಟ. ಚೀಲ ಹೆಗಲಿಗೆ ಹಾಕಿಕೊಂಡ. ಹೊಸ್ತಿಲ ಹತ್ತಿರ ನಿಂತು, ನನ್ನ ಕಡೆ ತಿರುಗದೆಯೇ ಹೇಳಿದ. "ಬೆಂಗ್ಳೂರಿಂದ ಬಂದವರು ನಮ್ಮಲ್ಲಿ ಒಬ್ರ ಹೆಸರು ಹೇಳಿ ಅಂದಿದ್ರು. ನಿನ್ನ ಹೆಸರು ಬಾಯಿಗೆ ಬಂದಿತ್ತು. ನಂದೇ ಹೇಳ್ದೆ."

ಅಷ್ಟು ಹೇಳಿ ಕೊಡೆ ಬಿಚ್ಚಿ ಹೋದ. ಹತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಮಾತು. ಅವನು ತಪ್ಪು ಮಾಡಿದ್ದ. ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡದೇ ಮಾಡಿದ್ದ. ಆದರೂ ಅವತ್ತು ಸಂಜೆ ನನಗೆ ಸಿಟ್ಟು ಬರಲಿಲ್ಲ. ಗೊತ್ತಿಲ್ಲದೆ ಇದ್ದದ್ದು ಗೊತ್ತಾಯಿತಲ್ಲ, ಅದು ಸಾಕಾಯಿತು. ಮರುದಿನ ಮಳೆ ಸ್ವಲ್ಪ ಬಿಟ್ಟಿತು. ನಾನೇ ಸಂಕ ದಾಟಿ ಹೋದೆ. ಅವನು ಡ್ರಮ್ಮಿನಲ್ಲಿ ಸುಣ್ಣ ಕಲಸುತ್ತಿದ್ದ. "ಎಂಟು ತಿಂಗಳು ಬೇಕಂತಲೇ ಬಾಲ್ ಕೊಡ್ಲಿಲ್ಲ" ಅಂದೆ. "ಗೊತ್ತು" ಅಂದ. ಕೋಲನ್ನು ನನ್ನ ಕೈಗೆ ಕೊಟ್ಟು ಮೈಲುತುತ್ತದ ನೀರು ತರಲು ಹೋದ.

ಬೌಯರ್ ಮತ್ತು ಡೈಯರ್ ಕೂಡ ಮತ್ತೆ ಒಂದೇ ತಂಡದಲ್ಲಿ ಇದ್ದರು. ಬೌಯರ್ 2006ರಲ್ಲಿ ವೆಸ್ಟ್ ಹ್ಯಾಮ್ ಸೇರಿದ, ಡೈಯರ್ 2007ರ ಆಗಸ್ಟ್‌ನಲ್ಲಿ. ಡೈಯರ್ ಅಲ್ಲಿಗೆ ಹೋದ ತಿಂಗಳೇ ಕಾಲು ಮುರಿದುಕೊಂಡ, ಆಮೇಲೆ ಬಹಳ ಕಾಲ ಆಡಲಿಲ್ಲ. ಹೊಸ ಜೆರ್ಸಿಯಲ್ಲಿ ಮೊದಲ ದಿನ ಪ್ರಾಕ್ಟೀಸಿಗೆ ಬಂದಾಗ ಯಾರು ಯಾರಿಗೆ ಮೊದಲು ಬಾಲ್ ಕೊಟ್ಟಿರಬಹುದು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ನಾವಿಬ್ಬರೂ ಈಗ ಮೊದಲಿನ ಹಾಗೆ ಇದ್ದೇವೆ ಅಂತ ಹೇಳಿದರೆ ತಪ್ಪಾಗುತ್ತದೆ. ಮೊದಲಿನ ಹಾಗಿಲ್ಲ. ತಲೆ ಎತ್ತದೆ ಅವನೆಲ್ಲಿದ್ದಾನೆ ಅಂತ ಹೇಳಲು ನನಗೆ ಈಗ ಆಗುವುದಿಲ್ಲ. ಕೇಳಬೇಕು. ಕೇಳುತ್ತೇನೆ.

ಇದನ್ನು ಹಾಕುವ ಮೊದಲು ನಿನ್ನೆ ರಾತ್ರಿ ಅವನ ಮನೆಗೆ ಹೋಗಿ ಮೊಬೈಲ್ ನೋಡಿಕೊಂಡು ಪೂರ್ತಿ ಓದಿ ಹೇಳಿದೆ. ಜಗಲಿಯಲ್ಲಿ ಎಲೆಅಡಿಕೆಯ ಕವಳ ಹಾಕಿಕೊಂಡು ಕೇಳಿದ. ಒಂದು ತಿದ್ದುಪಡಿ ಹೇಳಿದ. ಮೊದಲು ತಳ್ಳಿದ್ದು ತಾನಲ್ಲ, ನಾನಂತೆ. ನನ್ನ ನೆನಪು ಹಾಗಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ವಾದ ಮಾಡಿದೆವು. ಅವನ ಮಾತನ್ನೂ ಬರೆಯುತ್ತೇನೆ ಅಂದೆ. ಬರೆದಿದ್ದೇನೆ.

ಎಡಗೈ ವಿಷಯ ಕೇಳಿದೆ. "ಪ್ಲಾಸ್ಟರ್ ಕಾಣ್ತಿತ್ತಲ್ಲ ಮಾರಾಯ, ಅದಕ್ಕೇನು" ಅಂದ. ಕವಳ ಉಗಿದು ಬಂದು ಕೂತ. "ನಂಗೆ ಮೂಗಿಂದೂ ಅಷ್ಟಿಲ್ಲ. ಟೆಂಪೋದಲ್ಲಿ ನೀನು ನಿದ್ದೆ ಮಾಡಿದ್ಯಲ್ಲ. ಇಷ್ಟೆಲ್ಲ ಮಾಡಿ ಇವನಿಗೆ ನಿದ್ದೆ ಬಂತಲ್ಲ ಅಂತ. ಅದು."

"ನಿದ್ದೆ ಬಂದಿರ್ಲಿಲ್ಲ ಕಣೋ. ಈಗ ಓದಿದೆನಲ್ಲ."

"ಓದಿದ್ದು ಕೇಳ್ತು" ಅಂದ. ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ. ಹೊರಗೆ ತೋಟದಲ್ಲಿ ಹನಿ ಬೀಳುತ್ತಿತ್ತು.

"ಹಾಗಾದ್ರೆ ಮಂಡಗದ್ದೆಯಲ್ಲಿ ನಾನು ಹಿಂದೆ ತಿರುಗಿದ್ದು ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

ಅವನು ಹೂಂ ಅಂದ.